ಅಕ್ಕ ಸತ್ತ ದಿನದ ರಜೆ

ನಮ್ಮ ಆಸ್ಪತ್ರೆಯಲ್ಲಿ ನರ್ಸಿಗೆ ರಜೆ ಬೇಕಾದರೆ ಅವಳ ಮನೆಯಲ್ಲಿ ಯಾರಾದರೂ ಸಾಯಬೇಕು. ಹಾಗಂತ ಎಲ್ಲೂ ಬರೆದಿಲ್ಲ. ಬರೆದಿರುವುದು ವರ್ಷಕ್ಕೆ ಮೂವತ್ತು ದಿನ ರಜೆ ಅಂತಲೇ. ಅದಕ್ಕೆ ಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ನೇತುಹಾಕಿದ್ದಾರೆ, ಗಾಜಿನ ಮೇಲಿನ ಧೂಳು ಒರೆಸಿದರೆ ಈಗಲೂ ಓದಬಹುದು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ನಮ್ಮ ಗಂಡಸರ ಆಪರೇಷನ್ ವಾರ್ಡಿನ ಪೂಜಾರಿ ಎಂದರೆ ಇನ್‌ಚಾರ್ಜ್ ಸಿಸ್ಟರ್. ಅವರನ್ನು ನಾವೆಲ್ಲ ಹಿಂದಿನಿಂದ ಪೆನ್ಸಿಲಮ್ಮ ಅನ್ನುತ್ತೇವೆ. (ಎದುರಿಗೆ ಏನೂ ಅನ್ನುವುದಿಲ್ಲ, ‘ಆಗಲಿ ಸಿಸ್ಟರ್’ ಅನ್ನುತ್ತೇವೆ.)

ಪ್ರತಿ ತಿಂಗಳು ಇಪ್ಪತ್ತೈದನೇ ತಾರೀಖು ಪೆನ್ಸಿಲಮ್ಮ ಸ್ಕೇಲು, ಪೆನ್ಸಿಲು, ರಬ್ಬರು ಇಟ್ಟುಕೊಂಡು ಮುಂದಿನ ತಿಂಗಳ ಡ್ಯೂಟಿ ಚಾರ್ಟ್ ಬರೆಯಲು ಕೂರುತ್ತಾರೆ. ಉದ್ದಕ್ಕೆ ಹದಿಮೂರು ಹೆಸರು, ಅಡ್ಡಕ್ಕೆ ಮೂವತ್ತು ಮನೆ. ‘ಬೆ’ ಅಂದರೆ ಬೆಳಗಿನ ಪಾಳಿ, ‘ಮ’ ಮಧ್ಯಾಹ್ನದ್ದು, ‘ರಾ’ ರಾತ್ರಿಯದು. ವಾರಕ್ಕೊಂದು ಸೊನ್ನೆ, ಸೊನ್ನೆ ಬಿದ್ದ ದಿನ ಮನೆಯಲ್ಲಿರಬಹುದು. ಸೊನ್ನೆಗೆ ಬೆಲೆಯಿಲ್ಲ ಅನ್ನುವವರು ಒಮ್ಮೆ ಬಂದು ನಮ್ಮ ಚಾರ್ಟಿನ ಮುಂದೆ ನಿಂತ ಮುಖಗಳನ್ನು ನೋಡಬೇಕು.

ನಾನು ಈ ವಾರ್ಡಿಗೆ ಬಂದು ಹನ್ನೊಂದು ವರ್ಷವಾಯಿತು. ಹೊಸತರಲ್ಲಿ ನಾನು ಸತ್ಯಸಂಧಳಾಗಿದ್ದೆ. ರಜೆ ಚೀಟಿಯಲ್ಲಿ ‘ಅಕ್ಕನನ್ನು ನೋಡಿಕೊಂಡು ಬರಲು ಎಂಟು ದಿನ’ ಅಂತ ಬರೆದು ಪೆನ್ಸಿಲಮ್ಮನ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಏರಿಸಿ ಓದಿದರು.

“ಅಕ್ಕನಿಗೆ ಏನಾಗಿದೆ?”

“ಏನೂ ಆಗಿಲ್ಲ ಸಿಸ್ಟರ್, ಚೆನ್ನಾಗಿದ್ದಾಳೆ.”

“ಚೆನ್ನಾಗಿದ್ರೆ ಮುಂದಿನ ತಿಂಗಳು ನೋಡಬಹುದಲ್ಲ,” ಅಂದು ಚೀಟಿಯನ್ನು ಮಡಿಸಿ, ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ಇಟ್ಟರು. ಆ ಚೀಟಿ ಬಹಳ ದಿನ ಅಲ್ಲೇ ಇತ್ತು. ಅಕ್ಕನ ದಯೆಯಿಂದ ಮೇಜಾದರೂ ನೆಟ್ಟಗೆ ನಿಂತಿತು.

ನನ್ನ ಅಕ್ಕನ ವಿಷಯ ಹೇಳಬೇಕು. ಅಮ್ಮ ಹೋದಾಗ ನನಗೆ ಆರು, ಅವಳಿಗೆ ಹದಿನೇಳು. ಹೊಲಿಗೆ ಮಿಷನ್ನಿನ ಮುಂದೆ ಕೂತೇ ಅವಳು ನನ್ನನ್ನು ಸಾಕಿದಳು, ಓದಿಸಿದಳು, ನರ್ಸಿಂಗಿಗೆ ಕಳಿಸಿದಳು. ನನ್ನ ಮೊದಲನೆಯ ಬಿಳಿ ಸಮವಸ್ತ್ರ ಅವಳೇ ಹೊಲಿದದ್ದು. ಮುಂದೆ ದಪ್ಪಗಾಗುತ್ತೀಯ ಅಂತ ಒಳಗೆ ಎರಡು ಬೆರಳಷ್ಟು ಬಟ್ಟೆ ಬಿಟ್ಟು ಹೊಲಿದಿದ್ದಳು. ಅವಳ ಊರು ಇಲ್ಲಿಂದ ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿ. ಹನ್ನೊಂದು ವರ್ಷದಿಂದ ನಾನು ಹೋಗಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ ‘ಮುಂದಿನ ತಿಂಗಳ ಚಾರ್ಟ್ ಬರಲಿ ಅಕ್ಕ’ ಅನ್ನುತ್ತಿದ್ದೆ. ಚಾರ್ಟೇನೋ ತಪ್ಪದೆ ಬರುತ್ತಿತ್ತು.

ಸತ್ಯಕ್ಕೆ ರಜೆ ಸಿಗುವುದಿಲ್ಲ ಅಂತ ಗೊತ್ತಾದ ಮೇಲೆ ನಾನೂ ಎಲ್ಲರ ಹಾಗೆ ಕೊಲ್ಲುವುದನ್ನು ಕಲಿತೆ. ಮೊದಲು ಅಜ್ಜನಿಂದ ಶುರು ಮಾಡಿದೆ. (ಅವರು ನಾನು ಹುಟ್ಟುವ ಮೊದಲೇ ಹೋಗಿದ್ದರು, ಹಾಗಾಗಿ ಪಾಪ ಅರ್ಧದಷ್ಟೇ.) ಆಮೇಲೆ ಅಜ್ಜಿಯರು, ಇಬ್ಬರೂ. ದವಡೆ ಹಲ್ಲು ಕೀಳಿಸಬೇಕಾದಾಗ ನಮ್ಮ ಅತ್ತೆಯನ್ನು ಕಳಿಸಿಕೊಟ್ಟೆ. ಹಲ್ಲುನೋವು ಅಂತ ಕೇಳಿದ್ದರೆ ಎರಡು ಮಾತ್ರೆ ನುಂಗಿಸಿ ಡ್ರೆಸ್ಸಿಂಗ್ ಟ್ರಾಲಿ ತಳ್ಳಲು ಹಚ್ಚುತ್ತಿದ್ದರು. ಅಂದಿನಿಂದ ಅತ್ತೆಗೆ ಸಣ್ಣ ಜ್ವರ ಬಂದರೂ ನಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹಾಗಿಲ್ಲ, ಎರಡು ಬಸ್ಸು ಬದಲಿಸಿ ಬೇರೆ ಕಡೆ ಹೋಗಬೇಕು. ನಿಜವಾಗಿ ತೀರಿಕೊಂಡವರು ನಮ್ಮ ಮಾವ ಒಬ್ಬರೇ. ಅಷ್ಟು ಹೊತ್ತಿಗೆ ನಮ್ಮ ಮನೆಯ ಸಾವುಗಳು ಹೆಚ್ಚಾಗಿದ್ದರಿಂದ ಪಾಪ ಅವರಿಗೆ ಎರಡೇ ದಿನ ಸಿಕ್ಕಿತು.

ಏಳು ವರ್ಷದ ಹಿಂದೆ ಒಂದು ಸಲ ವಾರ್ಡಿನಲ್ಲಿ ಮೂವತ್ತು ಹಾಸಿಗೆಗೆ ನಲವತ್ತಾರು ರೋಗಿಗಳು. ನಾನು ಹತ್ತೊಂಬತ್ತು ದಿನ ಸೊನ್ನೆಯನ್ನೇ ಕಂಡಿರಲಿಲ್ಲ. ನಿಂತಲ್ಲೇ ನಿದ್ದೆ ಬರುತ್ತಿತ್ತು. ಒಬ್ಬ ರೋಗಿಯ ನಾಡಿ ಹಿಡಿದುಕೊಂಡೇ ತೂಕಡಿಸಿದೆ, ಅವನೇ ನನ್ನನ್ನು ಎಬ್ಬಿಸಿ ‘ಎಪ್ಪತ್ತೆರಡು ಅಂತ ಬರ್ಕೊಳ್ಳಿ ಸಿಸ್ಟರ್’ ಅಂದ. ಅವತ್ತು, ತಾರೀಖು ಹದಿನಾಲ್ಕು, ನಾನು ರಜೆ ಚೀಟಿ ಬರೆದೆ. ಕೊಲ್ಲಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಅಕ್ಕನನ್ನು ಬರೆದುಬಿಟ್ಟೆ.

ನಾಲ್ಕು ದಿನ ಸಿಕ್ಕಿತು. ಸತ್ತ ಅಕ್ಕನ ಊರಿಗೂ ಹೋಗಲಿಲ್ಲ, ಬದುಕಿದ್ದ ಅಕ್ಕನ ಊರಿಗೂ ಹೋಗಲಿಲ್ಲ. ಬಾಗಿಲು ಹಾಕಿಕೊಂಡು ನಾಲ್ಕು ದಿನ ನಿದ್ದೆ ಮಾಡಿದೆ.

ಐದನೆಯ ದಿನ ಕೆಲಸಕ್ಕೆ ಹೋದರೆ ವಾರ್ಡಿನಲ್ಲಿ ಎಲ್ಲರೂ ಸಾಲಾಗಿ ನಿಂತು ಎರಡು ನಿಮಿಷ ಮೌನ ಆಚರಿಸಿದರು. ಒಂಬತ್ತನೇ ನಂಬರಿನ ಹಾಸಿಗೆಯವನು ಕಾಲಿಗೆ ತೂಕ ಕಟ್ಟಿಸಿಕೊಂಡೇ ಬಿಕ್ಕಿ ಬಿಕ್ಕಿ ಅತ್ತ. ಪೆನ್ಸಿಲಮ್ಮ ನನ್ನನ್ನು ಔಷಧಿ ಬೀರುವಿನ ಹಿಂದೆ ಕರೆದುಕೊಂಡು ಹೋಗಿ ಕೈ ಹಿಡಿದುಕೊಂಡರು. “ನನಗೂ ಒಬ್ಬಳು ಅಕ್ಕ ಇದ್ದಳು. ಬಾ ಬಾ ಅಂತ ಕರೀತಾನೇ ಇದ್ದಳು. ಚಾರ್ಟ್ ಯಾರು ಬರೀತಾರೆ ಅಂತ ಹೋಗ್ಲಿಲ್ಲ. ಆಮೇಲೆ ಹೋಗಿದ್ದು ಸುದ್ದಿ ಬಂದ ಮೇಲೇನೇ,” ಅಂದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನೆಲ ಬಿಡಲಿಲ್ಲ, ನಾನೂ ಬಿಡಲಿಲ್ಲ.

ಅದರ ಮುಂದಿನ ವರ್ಷ ಚಾರ್ಟ್ ನೋಡಿದರೆ ಹದಿನಾಲ್ಕನೇ ತಾರೀಖು ನನ್ನ ಹೆಸರಿನ ಮುಂದೆ ಒಂದು ಹೆಚ್ಚುವರಿ ಸೊನ್ನೆ. ನಾನು ಕೇಳಿರಲಿಲ್ಲ. ಪೆನ್ಸಿಲಮ್ಮ ತಗ್ಗಿದ ದನಿಯಲ್ಲಿ “ಅಕ್ಕನ ದಿನ ಅಲ್ವಾ, ಮನೇಲಿರಿ” ಅಂದು ನನ್ನ ಪಾಳಿಯನ್ನು ತಾವೇ ಮಾಡಿದರು. ಹೀಗೆ ಪ್ರತಿ ವರ್ಷವೂ ಅಕ್ಕ ಸತ್ತ ದಿನ ನನಗೆ ಕೇಳದೆ ಸಿಗುವ ಏಕೈಕ ರಜೆಯಾಯಿತು. ಆ ದಿನ ನಾನು ಕಂಬಳಿ ಒಗೆಯುತ್ತಿದ್ದೆ. ಬಿಸಿಲು ಚೆನ್ನಾಗಿರುವ ತಿಂಗಳು ಅದು.

ಈ ವರ್ಷ ಆ ತಿಂಗಳಿಗೆ ಇನ್ನೂ ಕೆಲವು ದಿನ ಇರುವಾಗ ಅಕ್ಕನ ಫೋನು ಬಂತು, ಅದೂ ಭಾನುವಾರ ಅಲ್ಲದ ದಿನ. ಕಣ್ಣಿನ ನರ ಒಣಗುತ್ತಾ ಬಂದಿದೆಯಂತೆ. ಒಂದು ಕಣ್ಣು ಆಗಲೇ ಹೋಗಿದೆ, ಇನ್ನೊಂದು ವರ್ಷದ ಕೊನೆಯವರೆಗೆ ಇದ್ದರೆ ಹೆಚ್ಚು ಅಂದಿದ್ದಾರಂತೆ. ನಲವತ್ತು ವರ್ಷ ಸೂಜಿಯ ಕಣ್ಣು ನೋಡಿ ನೋಡಿ ಹೀಗಾಯಿತು ಅಂತ ಅವಳೇ ನಕ್ಕಳು. ಆಮೇಲೆ, “ಒಂದ್ಸಲ ಬಂದು ಹೋಗೇ. ಕಾಣ್ತಿರುವಾಗ್ಲೇ ನಿನ್ನ ಮುಖ ನೋಡ್ಕೊಂಡು ಬಿಡ್ತೀನಿ” ಅಂದಳು.

ಫೋನಿಟ್ಟು ಅಡುಗೆಮನೆಯಲ್ಲಿ ಕೂತು ಅತ್ತೆ. (ಕ್ರಿಯಾಪದ. ನಮ್ಮ ಅತ್ತೆ ಆಗ ನಡುಮನೆಯಲ್ಲಿದ್ದರು.) ಎಂಟು ದಿನದ ರಜೆ ಬೇಕು, ಕಾರಣ ಅಪ್ಪಟ ನಿಜ, ಆದರೆ ಆ ಕಾರಣ ಏಳು ವರ್ಷದ ಹಿಂದೆಯೇ ಸತ್ತಿದೆ. ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ಸಂಜೆ ಮನೆಯಲ್ಲಿ ಉನ್ನತ ಮಟ್ಟದ ಸಭೆ ಸೇರಿತು. ನಮ್ಮವರು ಬಸ್ ಡಿಪೋದಲ್ಲಿ ಟೈಂಕೀಪರ್. ಯಾವ ವಿಷಯವನ್ನೂ ನಿಮಿಷದ ಲೆಕ್ಕದಲ್ಲೇ ನೋಡುವವರು. ನಾನು ಎಲ್ಲವನ್ನೂ ಒಪ್ಪಿಕೊಂಡು, ಈಗ ಸಾಯಿಸಲು ಯಾರೂ ಉಳಿದಿಲ್ಲ ಅಂದೆ. ಅವರು ಸ್ವಲ್ಪ ಯೋಚಿಸಿ, ಗಂಡ ಸತ್ತರೆ ಹದಿನೈದು ದಿನವಾದರೂ ಕೊಡಲೇಬೇಕಾಗುತ್ತದೆ, ಬೇಕಾದರೆ ತಮ್ಮನ್ನು ಬರೆದುಕೋ ಅಂದರು. ಅವರ ಮನಸ್ಸು ದೊಡ್ಡದು. ಆದರೆ ದಿನಾ ಬೆಳಿಗ್ಗೆ ಆಸ್ಪತ್ರೆಯ ಗೇಟಿಗೆ ನನ್ನನ್ನು ಸ್ಕೂಟರಿನಲ್ಲಿ ಬಿಡುವವರು ಯಾರು?

ಅಷ್ಟರಲ್ಲಿ ಅತ್ತೆ ಕೈಯಲ್ಲಿದ್ದ ಸೌಟು ಕೆಳಗಿಟ್ಟರು.

“ನಾನು ಯಾವಾಗ ಸತ್ತಿದ್ದು?”

“ಎಂಟು ವರ್ಷ ಆಯ್ತು ಅತ್ತೆ.”

“ಏನಾಗಿ?”

ಸುಳ್ಳು ಹೇಳಬಹುದಿತ್ತು. ಅವತ್ತು ಯಾಕೋ ಸುಳ್ಳಿನ ಮೇಲೆ ಜಿಗುಪ್ಸೆ ಬಂದಿತ್ತು. “ಭೇದಿ ಆಗಿ,” ಅಂದೆ.

ಅತ್ತೆ ಸೌಟು ಎತ್ತಿಕೊಂಡು ಒಳಗೆ ಹೋದರು. ಸತ್ತದ್ದಕ್ಕೆ ಅವರಿಗೆ ಬೇಸರವಿರಲಿಲ್ಲ. ತಮ್ಮ ತಾಯಿ, ಅತ್ತೆ, ನಾದಿನಿ ಎಲ್ಲರೂ ಹೃದಯ ನಿಂತು ಮರ್ಯಾದೆಯಿಂದ ಹೋದವರು, ತಮಗೊಬ್ಬರಿಗೆ ಈ ಗತಿಯೇ ಅನ್ನುವುದು ಅವರ ಸಂಕಟ. ಎರಡು ದಿನ ನನ್ನೊಂದಿಗೆ ಮಾತು ಬಿಟ್ಟರು. ಮೂರನೇ ದಿನ ಮಾತಾಡಿದ್ದು ಹೃದಯಾಘಾತ ಅಂತ ತಿದ್ದಿಸಲು ಆಗುತ್ತದೆಯೇ ಎಂದು ಕೇಳುವುದಕ್ಕೆ.

ಕೊನೆಗೆ ನನಗೇ ಒಂದು ಮಹೋನ್ನತ ಉಪಾಯ ಹೊಳೆಯಿತು. ಅಕ್ಕನ ಕಣ್ಣನ್ನು ಒಬ್ಬ ದೊಡ್ಡಮ್ಮನಿಗೆ ದಾನ ಮಾಡಿಬಿಟ್ಟೆ. ‘ನನ್ನ ದೊಡ್ಡಮ್ಮನ ದೃಷ್ಟಿ ಹೋಗುತ್ತಿರುವುದರಿಂದ ಎಂಟು ದಿನ’ ಅಂತ ಬರೆದು ಇಪ್ಪತ್ತೈದನೇ ತಾರೀಖು ಪೆನ್ಸಿಲಮ್ಮನ ಮುಂದಿಟ್ಟೆ. ಅವರು ಎರಡು ಸಲ ಓದಿದರು. ದೊಡ್ಡಮ್ಮನಿಗೆ ಮಕ್ಕಳಿಲ್ಲವೇ ಎಂದು ಕೇಳಿದರು. ಇದ್ದಾರೆ ಅಂತ ಬಾಯಿ ತಪ್ಪಿ ಬಂತು. ಮಕ್ಕಳಿದ್ದ ಮೇಲೆ ನೋಡಿಕೊಳ್ಳುತ್ತಾರೆ, ದೊಡ್ಡಮ್ಮ ಚಿಕ್ಕಮ್ಮಂದಿರಿಗೆಲ್ಲ ಎಂಟೆಂಟು ದಿನ ಕೊಟ್ಟರೆ ರೋಗಿಗಳೇ ಒಬ್ಬರಿಗೊಬ್ಬರು ಇಂಜೆಕ್ಷನ್ ಚುಚ್ಚಿಕೊಳ್ಳಬೇಕಾಗುತ್ತದೆ ಅಂದರು. ನನ್ನ ಮುಖ ನೋಡಿ ಅವರಿಗೂ ಕನಿಕರವಾಯಿತು ಅಂತ ಕಾಣುತ್ತದೆ. ಪೆನ್ಸಿಲು ಕೆಳಗಿಟ್ಟು ಮೆಲ್ಲಗೆ ಹೇಳಿದರು:

“ಸ್ವಂತ ಅಕ್ಕ ಆಗಿದ್ರೆ ಮಾತೇ ಇರ್ತಿರಲಿಲ್ಲ. ಈ ಗಳಿಗೇನೇ ಕಳಿಸ್ತಿದ್ದೆ.”

ನಾನು ಚೀಟಿ ಮಡಿಸಿಕೊಂಡೆ. “ಆಗಲಿ ಸಿಸ್ಟರ್,” ಅಂದೆ.

ಚಾರ್ಟ್ ಬಂತು. ಹದಿನಾಲ್ಕರಂದು ಎಂದಿನಂತೆ ನನ್ನ ಸೊನ್ನೆ ದುಂಡಗೆ ಕೂತಿತ್ತು. ಅಕ್ಕನಿಗೆ ಫೋನ್ ಮಾಡಿ ರಜೆ ಸಿಗಲಿಲ್ಲ ಅಂದೆ. ಅವಳು, ಹಾಗಾದರೆ ತಾನೇ ಬರುತ್ತೇನೆ ಅಂದಳು. ಒಂದು ಕಣ್ಣಿನಲ್ಲಿ ಹೇಗೆ ಬರುತ್ತೀ ಅಂತ ನಾನು ರಾಗ ಎಳೆಯುವಷ್ಟರಲ್ಲಿ ನಮ್ಮವರು ರೈಲಿನ ವೇಳಾಪಟ್ಟಿ ಬಿಡಿಸಿಕೊಂಡು ಕೂತಿದ್ದರು. ಅವರಿಗೆ ಕೇಳಿದ ಕೂಡಲೇ ಐದು ದಿನ ರಜೆ ಸಿಕ್ಕಿತು, ಅದೂ ಯಾರೂ ಸಾಯದೆ. ಹೋಗಿ ಕರೆದುಕೊಂಡು ಬಂದರು. ಹೀಗೆ ನನ್ನ ಅಕ್ಕ ತನ್ನ ಏಳನೆಯ ಪುಣ್ಯತಿಥಿಯ ಬೆಳಿಗ್ಗೆ ಎಂಟು ಗಂಟೆಗೆ ಸರಿಯಾಗಿ, ಒಂದು ಕೈಚೀಲ ಹಿಡಿದುಕೊಂಡು ನಮ್ಮ ಮನೆಯ ಮೆಟ್ಟಿಲು ಹತ್ತಿದಳು.

ನನ್ನನ್ನು ಕಿಟಕಿಯ ಬೆಳಕಿಗೆ ಎಳೆದು ನಿಲ್ಲಿಸಿ, ಕತ್ತು ಓರೆ ಮಾಡಿ, ಉಳಿದ ಕಣ್ಣಿನಿಂದ ಬಹಳ ಹೊತ್ತು ನೋಡಿದಳು. ಆಮೇಲೆ ಸೊಂಟದ ಹತ್ತಿರ ಬಟ್ಟೆ ಹಿಡಿದು ಎಷ್ಟು ಸಡಿಲ ಇದೆ ಅಂತ ಅಳೆದಳು. “ಎಷ್ಟು ವಯಸ್ಸಾಗಿಬಿಟ್ಟಿದೆಯೇ ನಿಂಗೆ. ಬೇಗ ಬಂದಿದ್ರೆ ಚೆನ್ನಾಗಿರೋ ಮುಖ ನೋಡಬಹುದಿತ್ತು,” ಅಂದಳು. ಹೇಳಿ ತಾನೇ ನಕ್ಕಳು. ನನಗೆ ನಗು ಬರಲಿಲ್ಲ.

ಆ ದಿನವೆಲ್ಲ ನಾನು ಅವಳನ್ನು ಬಿಟ್ಟು ಕದಲಲಿಲ್ಲ. ಸಂಜೆ ನಾಲ್ಕಕ್ಕೆ ಮಹಡಿಯ ಮೇಲೆ ಒಣಹಾಕಿದ್ದ ಅವಳ ಸೀರೆ ತರಲು ಹೋದೆ. ಐದೇ ನಿಮಿಷ. ಕೆಳಗೆ ಬಾಗಿಲು ಬಡಿದದ್ದು ಕೇಳಿಸಿತು. ಇಳಿದು ಬಂದೆ. ನಡುಮನೆಯ ಕುರ್ಚಿಯಲ್ಲಿ, ಮಡಿಲಲ್ಲಿ ಹಣ್ಣಿನ ಚೀಲ ಇಟ್ಟುಕೊಂಡು ಪೆನ್ಸಿಲಮ್ಮ ಕೂತಿದ್ದರು.

ಹನ್ನೊಂದು ವರ್ಷದಲ್ಲಿ ಅವರು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ದೊಡ್ಡಮ್ಮನ ವಿಷಯದಲ್ಲಿ ಕಟುವಾಗಿ ಮಾತಾಡಿದೆನಲ್ಲ ಅಂತ ಅವರಿಗೆ ಮನಸ್ಸು ಚುಚ್ಚುತ್ತಿತ್ತಂತೆ. ಅಕ್ಕನ ದಿನ ನಾನೊಬ್ಬಳೇ ಅಳುತ್ತಾ ಕೂತಿರುತ್ತೇನೆ ಎಂದು ನನ್ನ ಪಾಳಿಯನ್ನು ಇನ್ನೊಬ್ಬರಿಗೆ ವಹಿಸಿ, ರಿಜಿಸ್ಟರಿನಲ್ಲಿ ವಿಳಾಸ ನೋಡಿಕೊಂಡು ಬಂದಿದ್ದರು. ಬಾಗಿಲು ತೆಗೆದ ಅಕ್ಕ ಕೈ ಹಿಡಿದು ಒಳಗೆ ಕರೆದು, “ನಾನು ಇವಳ ಅಕ್ಕ” ಅಂದಿದ್ದಳು. ಪೆನ್ಸಿಲಮ್ಮ ಅದನ್ನು ಅರಗಿಸಿಕೊಳ್ಳುವ ಮೊದಲೇ ಅಡುಗೆಮನೆಯಿಂದ ಚಹಾದ ತಟ್ಟೆ ಹಿಡಿದು ಬಂದ ಮುದುಕಿ, “ತಗೊಳ್ಳಿ, ನಾನು ಇವಳ ಅತ್ತೆ” ಅಂದಿದ್ದರು. ಸತ್ತವರಿಬ್ಬರ ನಡುವೆ ಕೂತು ಪೆನ್ಸಿಲಮ್ಮ ಚಹಾ ಕುಡಿಯುತ್ತಿದ್ದರು.

ನಾನು ಸೀರೆ ಅಪ್ಪಿಕೊಂಡು ಬಾಗಿಲಲ್ಲೇ ನಿಂತೆ. ಪೆನ್ಸಿಲಮ್ಮ ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

“ಅತ್ತೆಯವರಿಗೆ ಭೇದಿ ಅಲ್ವಾ?” ಅಂತಷ್ಟೇ ಕೇಳಿದರು.

“ಹೃದಯಾಘಾತ,” ಅಂದರು ಅತ್ತೆ ಗಂಭೀರವಾಗಿ.

ಅಕ್ಕನಿಗೆ ಏನೂ ಅರ್ಥವಾಗಲಿಲ್ಲ. ನಾನೇ ಹೇಳಬೇಕಾಯಿತು. ಅವಳ ಕಾಲ ಬಳಿ ನೆಲದ ಮೇಲೆ ಕೂತು ಅಜ್ಜನಿಂದ ಹಿಡಿದು ಎಲ್ಲ ಹೇಳಿದೆ. ಅವಳು ಕತ್ತು ಓರೆ ಮಾಡಿಕೊಂಡು ಕೇಳಿಸಿಕೊಂಡಳು.

“ನಾನು ಸತ್ತಿದ್ದಕ್ಕೆ ಎಷ್ಟು ದಿನ ಸಿಕ್ತು?”

“ನಾಲ್ಕು.”

“ನಾಲ್ಕು ದಿನ ಏನ್ ಮಾಡ್ದೆ?”

“ನಿದ್ದೆ ಮಾಡ್ದೆ ಅಕ್ಕ.”

“ಹಾಗಾದ್ರೆ ಹೋಗ್ಲಿ ಬಿಡು,” ಅಂದಳು ಅಕ್ಕ. “ನಿನಗೆ ನಿದ್ದೆ ಬೇಕಾಗಿತ್ತು.” ನನ್ನ ತಲೆಯ ಮೇಲೆ ಕೈಯಿಟ್ಟಳು. ಅವಳು ಹೊಡೆದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ನೋಡಲು ಹೋಗದವಳಿಗೆ ಅಕ್ಕ ಸತ್ತಿದ್ದರೇನು, ಇದ್ದರೇನು? ರಜೆ ಚೀಟಿಯಲ್ಲಿ ನಾನು ಬರೆದದ್ದು ಪೂರ್ತಿ ಸುಳ್ಳಾಗಿರಲಿಲ್ಲ ಅನ್ನುವುದೇ ನನ್ನ ದುಃಖ.

ಪೆನ್ಸಿಲಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು ಅಕ್ಕನ ಕಡೆ ತಿರುಗಿದರು. “ಏಳು ವರ್ಷದಿಂದ ಈ ದಿನ ನಾನು ನಿಮ್ಮನ್ನ ನೆನೆಸ್ಕೊಂಡಿದ್ದೀನಿ. ನಮ್ಮಕ್ಕನ ಜೊತೆ ನಿಮ್ಮನ್ನೂ ಸೇರಿಸ್ಕೊಂಡು. ಇವರು ನೆನೆಸ್ಕೊಂಡ್ರೋ ಇಲ್ವೋ,” ಅಂದರು. ನಾನು ಒಗೆದ ಆರು ವರ್ಷದ ಕಂಬಳಿಗಳು ಕಣ್ಣ ಮುಂದೆ ಬಂದವು.

ಅಕ್ಕ ಹತ್ತು ದಿನ ನಮ್ಮಲ್ಲಿದ್ದಳು. ನಾನು ಬೆಳಗಿನ ಪಾಳಿಗೆ ಹೊರಡುವಾಗ ಅವಳು ಎದ್ದಿರುತ್ತಿರಲಿಲ್ಲ, ಜನ ಸಾಲದೆ ಮಧ್ಯಾಹ್ನದ ಪಾಳಿಯನ್ನೂ ಮುಗಿಸಿ ಬರುವಾಗ ಮಲಗಿರುತ್ತಿದ್ದಳು. ಪೆನ್ಸಿಲಮ್ಮ ಮಾತ್ರ ದಿನಾ ಸಂಜೆ ಡ್ಯೂಟಿ ಮುಗಿಸಿ ನೇರ ನಮ್ಮ ಮನೆಗೆ ಬರುತ್ತಿದ್ದರು. ಅತ್ತೆ, ಅಕ್ಕ, ಪೆನ್ಸಿಲಮ್ಮ ಮೂವರೂ ಕೂತು ಹರಟುತ್ತಾರೆ, ನಗು ಬೀದಿಗೆ ಕೇಳಿಸುತ್ತದೆ ಅಂತ ನಮ್ಮವರು ವರದಿ ಕೊಡುತ್ತಿದ್ದರು. ಪೆನ್ಸಿಲಮ್ಮ ನಗುತ್ತಾರೆ ಅನ್ನುವುದನ್ನು ವಾರ್ಡಿನಲ್ಲಿ ಯಾರೂ ನಂಬಲಿಲ್ಲ. (ನಾನು ಹೇಳಿದ್ದನ್ನು ಯಾಕೆ ನಂಬುತ್ತಾರೆ.)

ಅಕ್ಕ ಕಣ್ಣಿನ ಡಾಕ್ಟರಿಗೆ ತೋರಿಸಲು ಊರಿಗೆ ಮರಳಬೇಕಿತ್ತು. ಇಪ್ಪತ್ಮೂರರಂದು ನಾನು ಧೈರ್ಯ ಮಾಡಿ ಹನ್ನೊಂದು ವರ್ಷದಲ್ಲೇ ಅಕ್ಕನ ಬಗ್ಗೆ ಎರಡನೆಯ ಸತ್ಯವಾದ ಚೀಟಿ ಬರೆದೆ: ‘ಅಕ್ಕನನ್ನು ಊರಿಗೆ ಬಿಟ್ಟು, ಅವಳ ಜೊತೆ ಇದ್ದು ಬರಲು ಎಂಟು ದಿನ.’ ಪೆನ್ಸಿಲಮ್ಮ ಓದಿ, ತಮ್ಮ ಡ್ರಾಯರಿನಿಂದ ಇನ್ನೊಂದು ಚೀಟಿ ತೆಗೆದು ಪಕ್ಕದಲ್ಲಿಟ್ಟರು. ಒಂದಕ್ಷರ ಬಿಡದೆ ಅದೇ ಮಾತು. ಕೆಳಗೆ ಅವರ ಸಹಿ, ಅದರ ಮೇಲೆ ಕಚೇರಿಯ ಮಂಜೂರಾತಿ. ಇಪ್ಪತ್ತಾರು ವರ್ಷದಲ್ಲಿ ಯಾರೂ ಸಾಯದೆ ಅವರು ಕೇಳಿದ ಮೊದಲ ರಜೆ ಅದು.

“ಇಬ್ಬರು ಹಿರಿಯರು ಒಟ್ಟಿಗೆ ಹೋಗೋ ಹಾಗಿಲ್ಲ. ನಿಮಗೆ ಗೊತ್ತಲ್ಲ,” ಅಂದರು. “ನನಗೆ ಅಕ್ಕ ಇಲ್ಲ. ನೀವು ಏಳು ವರ್ಷ ನಿಮ್ಮಕ್ಕನ್ನ ನನ್ನ ಹತ್ರಾನೇ ಬಿಟ್ಟಿದ್ರಿ.” ಸ್ಕೇಲು, ಪೆನ್ಸಿಲು, ರಬ್ಬರನ್ನು ನನ್ನ ಕೈಗಿಟ್ಟರು.

ಮರುದಿನ ಬೆಳಿಗ್ಗೆ ರೈಲು ನಿಲ್ದಾಣದಲ್ಲಿ ಇಬ್ಬರನ್ನೂ ಕಿಟಕಿಯ ಪಕ್ಕ ಕೂರಿಸಿ ಬಂದೆ. ಅದರ ಮರುದಿನ ಇಪ್ಪತ್ತೈದು. ವಾರ್ಡಿನ ಆ ಮೇಜಿನ ಮುಂದೆ ಈಗ ನಾನು ಕೂತಿದ್ದೆ. ಮೊದಲು ಮಾಡಿದ ಕೆಲಸವೆಂದರೆ ನನ್ನ ಹೆಸರಿನ ಮುಂದೆ ಒಂದೇ ಸಾಲಿನಲ್ಲಿ ಎಂಟು ಸೊನ್ನೆ ಬರೆದುಕೊಂಡದ್ದು. ದಪ್ಪಗೆ, ಒತ್ತಿ. ಪೆನ್ಸಿಲಮ್ಮ ಬಂದ ಮೇಲೆ ನಾನು ಹೋಗುವುದು, ಅಷ್ಟೇ. ಯಾರಪ್ಪನಿಗೂ ಹೆದರಬೇಕಾಗಿಲ್ಲ ಅನ್ನಿಸಿ ಎದೆ ಹಗುರವಾಯಿತು.

ಆಗ ವಾರ್ಡಿಗೆ ಹೊಸದಾಗಿ ಸೇರಿದ ನರ್ಸು ಒಂದು ಚೀಟಿ ಹಿಡಿದು ಬಂದಳು. ಅಕ್ಕನನ್ನು ನೋಡಿಕೊಂಡು ಬರಲು ಎಂಟು ದಿನ, ನನ್ನ ಅದೇ ತಾರೀಖುಗಳು. ಅವಳಿಗೆ ರೈಲಿನ ಟಿಕೆಟ್ ಸಿಕ್ಕಿದ್ದು ಆ ದಿನಗಳಿಗೇ ಅಂತೆ.

“ಅಕ್ಕನಿಗೆ ಏನಾಗಿದೆ?” ಅಂತ ಕೇಳಿದೆ. ನಾನು ಕೇಳಲಿಲ್ಲ, ಆ ಕುರ್ಚಿಯೇ ಕೇಳಿತು.

“ಏನೂ ಆಗಿಲ್ಲ ಸಿಸ್ಟರ್, ಚೆನ್ನಾಗಿದ್ದಾಳೆ.”

‘ಚೆನ್ನಾಗಿದ್ರೆ’ ಅನ್ನುವವರೆಗೂ ನನ್ನ ಬಾಯಿಂದ ಬಂದೇಬಿಟ್ಟಿತ್ತು. ಮುಂದಿನದನ್ನು ನುಂಗಿದೆ. ಇಲ್ಲ ಅಂದರೆ ಬರುವ ವರ್ಷ ಈ ಹುಡುಗಿ ಅಕ್ಕನನ್ನು ಸಾಯಿಸಿಕೊಂಡೇ ಬರುತ್ತಾಳೆ. ಒಂದು ವಾರ್ಡಿಗೆ ಸತ್ತ ಅಕ್ಕ ಒಬ್ಬಳು ಸಾಕು. “ಚೆನ್ನಾಗಿದ್ರೆ ಈಗ್ಲೇ ಹೋಗಿ ಬಾ,” ಅಂದೆ. ಅವಳು ಕುಣಿಯುತ್ತಾ ಹೋದಳು. ನಾನು ಚಾರ್ಟನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಹುಡುಕಿದೆ. ಅವಳ ಎಂಟು ದಿನಕ್ಕೆ ಹಾಕಲು ಬೇರೆ ಒಂದು ಹೆಸರೂ ಸಿಗಲಿಲ್ಲ. ರಬ್ಬರು ತೆಗೆದುಕೊಂಡು ನನ್ನ ಸೊನ್ನೆಗಳನ್ನು ಒಂದೊಂದಾಗಿ ಅಳಿಸಿದೆ. ಒತ್ತಿ ಬರೆದಿದ್ದರಿಂದ ಅಚ್ಚು ಹೋಗಲೇ ಇಲ್ಲ, ಅದರ ಮೇಲೆಯೇ ‘ರಾ’ ಬರೆದೆ.

ಅಷ್ಟರಲ್ಲಿ ಅಕ್ಕನ ಫೋನು. ಕ್ಷೇಮವಾಗಿ ತಲುಪಿದೆವು, ನಿನ್ನ ಸಿಸ್ಟರು ಬಹಳ ಒಳ್ಳೆಯವರು, ಬಂದ ಕೂಡಲೇ ಸೂಜಿಗಳಿಗೆಲ್ಲ ದಾರ ಪೋಣಿಸಿಕೊಡುತ್ತಾ ಕೂತಿದ್ದಾರೆ ಅಂತ ಹೇಳಿದಳು. ಆಮೇಲೆ ಕೇಳಿದಳು:

“ನೀನು ಯಾವಾಗ ಬರ್ತೀಯೇ?”

ಮೇಜಿನ ಮೇಲಿನ ರಬ್ಬರಿನ ಪುಡಿಯನ್ನು ಊದಿದೆ. “ನೋಡೋಣ ಅಕ್ಕ,” ಅಂದೆ, “ಚಾರ್ಟ್ ಬರಲಿ. ಈ ಸಲ ಅದನ್ನ ಯಾರು ಬರೀತಾರೋ, ಏನೋ.”

ಆ ಕಡೆ ಅಕ್ಕ ಯಾರನ್ನೋ ಏನೋ ಕೇಳಿದ್ದು, ಯಾರೋ ಏನೋ ಹೇಳಿದ್ದು ಸಣ್ಣಗೆ ಕೇಳಿಸಿತು.

“ನೀನೇ ಬರೆಯೋದಂತಲ್ಲೇ,” ಅಂದಳು ಅಕ್ಕ.